ಮನ್ಯಂ ಬೆಟ್ಟದ ನೆಲ ಯಾರದು?

ಕೇಳುಗರೇ, ವಿಶಾಖಪಟ್ಟಣದಿಂದ ಅರಕು ರೈಲು ಹತ್ತಿ ಬೊರ್ರಾ ಗುಹೆ, ಕಾಫಿ ತೋಟ ನೋಡಿ ಬರುತ್ತೇವೆ. ಈ ಬೆಟ್ಟಸೀಮೆಯೇ ಮನ್ಯಂ. ಇಲ್ಲಿನ ಗಿರಿಜನರು ಕಾಡು ಕಡಿದು, ಸುಟ್ಟು, ಆ ಬೂದಿಯಲ್ಲಿ ರಾಗಿ, ಸಾಮೆ ಬೆಳೆಯುತ್ತಿದ್ದರು. ನಮ್ಮ ಕಡೆಯ ಕುಮರಿಯಂಥ ಈ ಬೇಸಾಯಕ್ಕೆ ‘ಪೋಡು’ ಎಂದು ಹೆಸರು. 1882ರ ಮದ್ರಾಸ್ ಅರಣ್ಯ ಕಾಯ್ದೆ ಅದಕ್ಕೆ ಅಡ್ಡ ಬಂತು. ರಸ್ತೆ ಕೆಲಸಕ್ಕೆ ಸರಿಯಾದ ಕೂಲಿಯೂ ಸಿಗಲಿಲ್ಲ. 1922ರ ಆಗಸ್ಟ್‌ನಲ್ಲಿ ಅಲ್ಲೂರಿ ಸೀತಾರಾಮರಾಜು ಅವರೊಂದಿಗೆ ಗಿರಿಜನರು ಚಿಂತಪಲ್ಲಿ ಪೊಲೀಸ್ ಠಾಣೆಗೆ ನುಗ್ಗಿ ಬಂದೂಕು ಎತ್ತಿಕೊಂಡು ಹೋದರು. 1924ರ ಮೇ 7ರಂದು ರಾಜು ಗುಂಡಿಗೆ ಬಲಿಯಾದರು.

ನೆಲದ ವ್ಯಾಜ್ಯ ಮಾತ್ರ ಉಳಿಯಿತು. ಬೊರ್ರಾ ಸುತ್ತಲಿನ ಗಣಿ ಗುತ್ತಿಗೆಯಿಂದ ಹುಟ್ಟಿದ ‘ಸಮತಾ’ ಮೊಕದ್ದಮೆಯಲ್ಲಿ, ಅಲ್ಲಿನ ಸರ್ಕಾರಿ ಜಮೀನನ್ನೂ ಗಿರಿಜನರಲ್ಲದವರಿಗೆ ಗಣಿಗೆಂದು ಕೊಡುವಂತಿಲ್ಲ ಎಂದು 1997ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ರಾಜು ಹೆಸರಿನ ಜಿಲ್ಲೆ 2022ರಲ್ಲಿ ಆಯಿತು; ಗಿರಿಜನರ ಕೈಗೆ ಗಟ್ಟಿ ಆಸರೆ ಆ ತೀರ್ಪೇ.