ಹಳದೀಪುರದ ಅರುಣಾ ಮತ್ತು ಸುತ್ತಲಿನ ಮೌನ



ಠಾಣೆ, ಡೊಂಬಿವಲಿ, ಕಲ್ಯಾಣದಿಂದ ದಿನಾ ಲೋಕಲ್ ಹಿಡಿದು ಮುಂಬಯಿಗೆ ಹೋಗಿಬರುವ ನಿಮಗೆ ಪರೇಲ್ ನಿಲ್ದಾಣ ಹೊಸದಲ್ಲ. ಅಲ್ಲಿಂದ ನಡೆದೇ ಹೋಗಬಹುದಾದ ಕೆ.ಇ.ಎಂ. ಆಸ್ಪತ್ರೆಯೂ ಹೊಸದಲ್ಲ. ನವಿ ಮುಂಬಯಿಯವರೂ ಸೇರಿದಂತೆ ನಮ್ಮಲ್ಲಿ ಅನೇಕರು ಮನೆಯ ಹಿರಿಯರ ಕೈಹಿಡಿದು ಅಲ್ಲಿನ ಕೇಸ್ ಪೇಪರಿನ ಸಾಲಿನಲ್ಲಿ ನಿಂತವರೇ. ಅದೇ ಆಸ್ಪತ್ರೆಯಲ್ಲಿ ನಮ್ಮ ಉತ್ತರ ಕನ್ನಡದ ಹೆಣ್ಣುಮಗಳೊಬ್ಬಳು 41 ವರ್ಷಕ್ಕೂ ಹೆಚ್ಚು ಕಾಲ ಮಲಗಿದಲ್ಲೇ ಇದ್ದಳು. ಅವಳೇ ಅರುಣಾ ರಾಮಚಂದ್ರ ಶಾನಭಾಗ. ಅವಳ ಕಥೆಯನ್ನು ದಯಾಮರಣದ ಚರ್ಚೆಯಾಗಿ ನೀವು ಕೇಳಿರುತ್ತೀರಿ. ಆದರೆ ಅದಕ್ಕಿಂತ ಮೊದಲು ಅದು ಮೌನದ ಕಥೆ.

ಅರುಣಾ ಹುಟ್ಟಿದ್ದು 1948ರಲ್ಲಿ, ಹೊನ್ನಾವರ ತಾಲೂಕಿನ ಹಳದೀಪುರದಲ್ಲಿ. ಊರಿನಲ್ಲಿ ದಾರಿ ಕಾಣದೆ ಮುಂಬಯಿಗೆ ಬಂದ ಸಾವಿರಾರು ಜನರಂತೆ ಆಕೆಯೂ ಇಲ್ಲಿ ಅನ್ನ ಕಂಡುಕೊಂಡಳು, ಕೆ.ಇ.ಎಂ.ನಲ್ಲಿ ನರ್ಸ್ ಆದಳು. ಅಲ್ಲಿಯ ವೈದ್ಯರೊಬ್ಬರೊಂದಿಗೆ ಮದುವೆ ನಿಶ್ಚಯವಾಗಿತ್ತು. 1973ರ ನವೆಂಬರ್ 27ರ ಸಂಜೆ ಕೆಲಸ ಮುಗಿಸಿ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ನಾಯಿಯ ಸರಪಳಿಯನ್ನು ಕುತ್ತಿಗೆಗೆ ಬಿಗಿದು ಆಕೆಯ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ. ಮಿದುಳಿಗೆ ಆಮ್ಲಜನಕ ಹೋಗುವುದು ನಿಂತಿತು. ಮರುದಿನ ಬೆಳಿಗ್ಗೆ 7.45ಕ್ಕೆ ಕಸ ಗುಡಿಸಲು ಬಂದವರ ಕಣ್ಣಿಗೆ ಬೀಳುವವರೆಗೆ ಆಕೆ ರಕ್ತದಲ್ಲಿ ಬಿದ್ದಿದ್ದಳು.

ಇನ್ನು ಮೌನದ ವಿಷಯ. ಪೊಲೀಸರಲ್ಲಿ ದಾಖಲಾದದ್ದು ದರೋಡೆ ಮತ್ತು ಕೊಲೆಯತ್ನ ಮಾತ್ರ. ಲೈಂಗಿಕ ದೌರ್ಜನ್ಯದ ಮಾತು ಕಾಗದಕ್ಕೆ ಇಳಿಯಲೇ ಇಲ್ಲ. ಮದುವೆ ನಿಶ್ಚಯವಾದ ಹುಡುಗಿ, ಹೆಸರು ಕೆಡಬಾರದು ಎಂಬ ಕಾಳಜಿಯಿಂದ ಆಸ್ಪತ್ರೆಯ ಆಡಳಿತ ಅದನ್ನು ಮುಚ್ಚಿಟ್ಟಿತು. ಆಗಿನ ದಂಡ ಸಂಹಿತೆಯ 375ನೇ ಕಲಮಿನಲ್ಲಿ ಅತ್ಯಾಚಾರದ ವ್ಯಾಖ್ಯೆ ಬಹಳ ಸಂಕುಚಿತವಾಗಿತ್ತು ಎಂಬುದು ನಿಜ. ಆದರೂ ಇಂಥ ಕೃತ್ಯಕ್ಕೆ 377ನೇ ಕಲಮು ಇತ್ತು, ಅದನ್ನೂ ಹಾಕಲಿಲ್ಲ. ಪರಿಣಾಮವಾಗಿ ಅಪರಾಧಿಗೆ ಏಳೇಳು ವರ್ಷಗಳ ಎರಡು ಶಿಕ್ಷೆ, ಅವೂ ಒಟ್ಟಿಗೆ ಸಾಗುವಂಥವು. 1980ರಲ್ಲಿ ಅವನು ಹೊರಗೆ ಬಂದ. ಅರುಣಾ ಹಾಸಿಗೆಯಲ್ಲೇ ಉಳಿದಳು.

ಕೇಳುಗರೇ, ಇಲ್ಲಿ ಒಂದು ಕ್ಷಣ ನಿಲ್ಲಿ. ಮುಚ್ಚಿಟ್ಟವರು ಕೆಟ್ಟವರೇನೂ ಆಗಿರಬೇಕಾಗಿಲ್ಲ. ಹುಡುಗಿಯ ಒಳಿತಿಗೆಂದೇ ಹಾಗೆ ಮಾಡಿರಬಹುದು. ಆದರೆ ಆ 'ಮರ್ಯಾದೆ'ಯಿಂದ ಲಾಭವಾದದ್ದು ಯಾರಿಗೆ? ಮಾತೇ ಆಡಲಾಗದೆ ಬಿದ್ದಿದ್ದ ಅರುಣಾಗಂತೂ ಅಲ್ಲ. ದೌರ್ಜನ್ಯಕ್ಕೆ ಒಳಗಾದವಳ ಮರ್ಯಾದೆ ಹೋಗುತ್ತದೆ, ಎಸಗಿದವನದಲ್ಲ ಎಂದು ಸಮಾಜ ನಂಬಿರುವವರೆಗೆ ಮುಚ್ಚಿಡುವುದೇ ಉಪಕಾರದಂತೆ ಕಾಣುತ್ತದೆ.

ಅದೇ ಆಸ್ಪತ್ರೆಯಲ್ಲಿ ಇದಕ್ಕೆ ವಿರುದ್ಧವಾದ ಇತಿಹಾಸವೂ ಇದೆ. ಘಟನೆಯ ಬೆನ್ನಲ್ಲೇ ಮುಂಬಯಿಯ ನರ್ಸ್‌ಗಳು ಮುಷ್ಕರ ಹೂಡಿ ಕೆಲಸದ ಸ್ಥಳದಲ್ಲಿ ಸುರಕ್ಷತೆ ಕೇಳಿದರು. 1980ರ ದಶಕದಲ್ಲಿ ಹಾಸಿಗೆ ಖಾಲಿ ಮಾಡಿಸಲೆಂದು ಮಹಾನಗರಪಾಲಿಕೆ ಎರಡು ಬಾರಿ ಅರುಣಾಳನ್ನು ಬೇರೆಡೆಗೆ ಸಾಗಿಸಲು ಹೊರಟಾಗ ಅಡ್ಡ ನಿಂತವರೂ ಅವರೇ. ಜೊತೆಗೆ ಕೆಲಸ ಮಾಡಿದವರು ನಿವೃತ್ತರಾದರು, ಅರುಣಾ ನಡೆದಾಡಿದ್ದನ್ನು ಕಂಡೇ ಇರದ ಹೊಸ ಹುಡುಗಿಯರು ಬಂದರು, ಆರೈಕೆ ನಿಲ್ಲಲಿಲ್ಲ. ಪತ್ರಕರ್ತೆ ಪಿಂಕಿ ವಿರಾನಿಯವರ ಅರ್ಜಿಯ ಮೇಲೆ 2011ರ ಮಾರ್ಚ್ 7ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟು, ಇಷ್ಟು ವರ್ಷ ಮಲಗಿದಲ್ಲೇ ಇದ್ದರೂ ಆಕೆಯ ಮೈಮೇಲೆ ಒಂದು ಹಾಸಿಗೆ ಹುಣ್ಣೂ ಆಗಿಲ್ಲವೆಂಬುದನ್ನು ಗಮನಿಸಿ ಆ ನರ್ಸ್‌ಗಳನ್ನು ಮನಸಾರೆ ಹೊಗಳಿತು. 2015ರ ಮೇ 18ರಂದು ನ್ಯುಮೋನಿಯಾದಿಂದ ಅರುಣಾ ತೀರಿಕೊಂಡಳು.

ನಮ್ಮ ಮೌನ ಮಾತ್ರ ತೀರಲಿಲ್ಲ. 2002ರ ಆಗಸ್ಟ್ 14ರ ರಾತ್ರಿ ಪಶ್ಚಿಮ ರೈಲ್ವೆಯ ಲೋಕಲಿನಲ್ಲಿ ಬುದ್ಧಿಮಾಂದ್ಯ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರವಾದಾಗ ಅದೇ ಡಬ್ಬಿಯಲ್ಲಿ ಸಹಪ್ರಯಾಣಿಕರಿದ್ದರು. ಸೀಟಿಗಾಗಿ ಜಗಳವಾಡಲು ಬರುವ ಧ್ವನಿ ಅಂದು ಯಾರಿಗೂ ಸಾಕಾಗಲಿಲ್ಲ. ತುಂಬಿದ ಸಭೆಯಲ್ಲಿ ದ್ರೌಪದಿಯ ಪರವಾಗಿ ಎದ್ದುನಿಂತವನು ಕೌರವರಲ್ಲೇ ಒಬ್ಬನಾದ ವಿಕರ್ಣ. ಭೀಷ್ಮ ದ್ರೋಣರ ಮೌನವನ್ನು ನಾವು ಇಂದಿಗೂ ಪ್ರಶ್ನಿಸುತ್ತೇವೆ. ಆದರೆ ನಮ್ಮ ಡಬ್ಬಿಯಲ್ಲಿ ನಾವು ಯಾರ ಸಾಲಿನಲ್ಲಿ ಕುಳಿತಿರುತ್ತೇವೆ?

ಇನ್ನೂ ಹತ್ತಿರಕ್ಕೆ ಬನ್ನಿ. ಕಲ್ಯಾಣ ದಾಟಿ ಕರ್ಜತ್ ದಾರಿಯಲ್ಲಿರುವ ಬದಲಾಪುರದಲ್ಲಿ 2024ರ ಆಗಸ್ಟ್‌ನಲ್ಲಿ ನಾಲ್ಕರ ಹರೆಯದ ಇಬ್ಬರು ಮಕ್ಕಳ ಮೇಲೆ ಶಾಲೆಯ ಸ್ವಚ್ಛತಾ ಕೆಲಸಗಾರ ಲೈಂಗಿಕ ದೌರ್ಜನ್ಯ ನಡೆಸಿದನೆಂಬ ಆರೋಪ ಬಂತು. ದೂರು ಕೊಡಲು ಹೋದ ಪಾಲಕರು ಪೊಲೀಸ್ ಠಾಣೆಯಲ್ಲಿ ತಾಸುಗಟ್ಟಲೆ ಕಾಯಬೇಕಾಯಿತು. ಆಗಸ್ಟ್ 20ರಂದು ಸಾವಿರಾರು ಜನ ಹಳಿಯ ಮೇಲಿಳಿದರು. ಸಂಜೆಯವರೆಗೂ ಲೋಕಲ್ ಓಡಲಿಲ್ಲ. ಕಲ್ಲುತೂರಾಟ, ಲಾಠಿಪ್ರಹಾರ ಎಲ್ಲವೂ ಆಯಿತು. ಬಾಂಬೆ ಹೈಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು ಪೊಲೀಸರನ್ನೂ ಶಾಲೆಯನ್ನೂ ತರಾಟೆಗೆ ತೆಗೆದುಕೊಂಡಿತು. ಆರೋಪಿ ವಿಚಾರಣೆಗೆ ಮೊದಲೇ ಸೆಪ್ಟೆಂಬರ್ 23ರಂದು ಪೊಲೀಸರ ಗುಂಡಿಗೆ ಸತ್ತ. ಅದೇ ಆಗಸ್ಟ್ 20ರಂದು, ಕಲ್ಕತ್ತೆಯ ಆರ್.ಜಿ. ಕರ್ ಆಸ್ಪತ್ರೆಯ ಯುವ ವೈದ್ಯೆಯ ಕೊಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅರುಣಾ ಶಾನಭಾಗಳ ಹೆಸರನ್ನು ಮತ್ತೆ ನೆನೆಯಿತು. ಐವತ್ತು ವರ್ಷಗಳ ಬಳಿಕವೂ ಆಸ್ಪತ್ರೆಯಲ್ಲಿ ದುಡಿಯುವ ಹೆಣ್ಣಿನ ಸುರಕ್ಷತೆಯ ಪ್ರಶ್ನೆ ಹಾಗೆಯೇ ಇತ್ತು.

ಬದಲಾಪುರದ ಸಿಟ್ಟು ಸಹಜವೇ. ಆದರೆ ಮೊದಲ ದಿನ ಒಬ್ಬರು ಮಾಡಬೇಕಾದ ಕೆಲಸವನ್ನು ಮಾಡದೆ ಬಿಟ್ಟಾಗಲೇ ಸಾವಿರ ಜನ ಹಳಿಗೆ ಇಳಿಯಬೇಕಾಗುತ್ತದೆ.

ಕಾನೂನು ಈಗ ಹಿಂದಿನಂತಿಲ್ಲ. 2013ರ ತಿದ್ದುಪಡಿ ಅತ್ಯಾಚಾರದ ವ್ಯಾಖ್ಯೆಯನ್ನು ವಿಸ್ತರಿಸಿತು. 2012ರ ಪೋಕ್ಸೋ ಕಾಯಿದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದುದು ತಿಳಿದೂ ವರದಿ ಮಾಡದಿದ್ದರೆ ಆರು ತಿಂಗಳವರೆಗೆ ಜೈಲು ಆಗಬಹುದು. ಸಂಸ್ಥೆಯ ಮುಖ್ಯಸ್ಥರಾಗಿದ್ದರೆ ಒಂದು ವರ್ಷದವರೆಗೆ. ಬದಲಾಪುರದಲ್ಲಿ ಶಾಲೆಯ ಆಡಳಿತದವರ ಮೇಲೂ ಈ ಕಾಯಿದೆಯಡಿ ಮೊಕದ್ದಮೆ ದಾಖಲಾಯಿತು. ಅಂದರೆ ಮಕ್ಕಳ ವಿಷಯದಲ್ಲಿ 'ಊರ ಉಸಾಬರಿ ನಮಗೇಕೆ' ಎಂಬ ಮಾತೇ ಇಂದು ಅಪರಾಧ.

ಎಲ್ಲರೂ ಅಪರಾಧಿಯ ಕೈ ಹಿಡಿದು ನಿಲ್ಲಿಸಬೇಕೆಂದೇನೂ ಇಲ್ಲ, ಹೆದರಿಕೆ ಮನುಷ್ಯ ಸಹಜ. ಆದರೆ ಮಕ್ಕಳಿಗಾಗಿ 1098, ರೈಲಿನಲ್ಲಿ 139, ಬೇರೆಲ್ಲ ಕಡೆ 112 ಒತ್ತಲು ಎದೆಗಾರಿಕೆ ಹೆಚ್ಚೇನೂ ಬೇಡ. ಪಕ್ಕದ ಫ್ಲ್ಯಾಟಿನಲ್ಲಿ ಕೆಲಸಕ್ಕಿರುವ ಪುಟ್ಟ ಹುಡುಗಿ ಅಳುವುದು ಕೇಳಿದರೆ, ಸೊಸೈಟಿಯ ಒಂಟಿ ಅಜ್ಜಿಯ ಮೈಮೇಲೆ ಬಾಸುಂಡೆ ಕಂಡರೆ, ಟಿ.ವಿ.ಯ ಸದ್ದು ಏರಿಸುವ ಮುನ್ನ ಒಮ್ಮೆ ಬಾಗಿಲು ತಟ್ಟಿ. ಅರುಣಾಳನ್ನು ನೋಡಿಕೊಂಡ ಆ ನರ್ಸ್‌ಗಳಿಗೆ ಆಕೆ ಬಂಧುವೂ ಅಲ್ಲ, ಊರಿನವಳೂ ಅಲ್ಲ. 'ಇವಳು ನಮ್ಮವಳು' ಎಂದು ಅವರು ತೀರ್ಮಾನಿಸಿದ್ದರು, ಅಷ್ಟೆ.