ಧಾತು ಬರಕ್ಕೆ ಹೊಣೆ ಯಾರು, ಇಂದಿನ ಮಳೆಗೆ ಹೊಣೆ ಯಾರು?

ರೊಳ್ಳದ ಕಡೆಯವರಾದ ನಮಗೆ ಬರ ಹೊಸದಲ್ಲ. ಮುಂಗಾರು ಪಶ್ಚಿಮ ಘಟ್ಟ ದಾಟಿ ಬರುವಷ್ಟರಲ್ಲಿ ಸೋತಿರುತ್ತದೆ. ಬಂಗಾಳ ಕೊಲ್ಲಿಯ ಹಿಂಗಾರೂ ಇಲ್ಲಿಗೆ ಮುಟ್ಟುವಾಗ ತೆಳುವಾಗಿರುತ್ತದೆ. ಅನಂತಪುರ ಸೀಮೆಗೆ ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ. ಅದೂ ಕಡಲೆಕಾಯಿಗೆ ಬೇಕಾದ ವಾರದಲ್ಲಿ ಬಂದರೆ ನಮ್ಮ ಪುಣ್ಯ.

ಈಚೆಗೆ ಮಳೆ ಬಾರದಿದ್ದರೂ, ಒಮ್ಮೆಲೇ ಸುರಿದು ಕೆರೆ ಕೋಡಿ ಹರಿದರೂ "ಹವಾಮಾನ ಕೆಟ್ಟಿದೆ, ಎಲ್ಲ ಮನುಷ್ಯ ಮಾಡಿದ್ದು" ಎನ್ನುತ್ತೇವೆ. ಮಕ್ಕಳೂ ಪರೀಕ್ಷೆಯಲ್ಲಿ ಹಾಗೇ ಬರೆಯುತ್ತಾರೆ, ನಾವೂ ಅಂಕ ಕೊಡುತ್ತೇವೆ. ಆದರೆ ಯಾವುದಕ್ಕೆ ಮನುಷ್ಯ ಹೊಣೆ, ಯಾವುದಕ್ಕೆ ಅಲ್ಲ? ಇದನ್ನು ತಿಳಿಯಲು ಒಂದೂವರೆ ಶತಮಾನ ಹಿಂದಕ್ಕೆ ಹೋಗೋಣ.

1876-77 ಧಾತು ಸಂವತ್ಸರ, ಮರುವರ್ಷ ಈಶ್ವರ. ಮುಂಗಾರು ತಪ್ಪಿತು, ಹಿಂಗಾರೂ ಕೈಕೊಟ್ಟಿತು. ಆಗ ಅನಂತಪುರ ಜಿಲ್ಲೆಯೇ ಇರಲಿಲ್ಲ, ಅದು ಆದದ್ದು 1882ರಲ್ಲಿ. (2022ರಿಂದ ರೊಳ್ಳ, ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ, ರಾಯದುರ್ಗ ಅನಂತಪುರದಲ್ಲೇ ಉಳಿದಿದೆ.) ಈ ಸೀಮೆ ಅಂದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು, ಪಕ್ಕದ ಶಿರಾ ಮೈಸೂರು ಸಂಸ್ಥಾನದಲ್ಲಿ. ಬರ ಗಡಿ ನೋಡಲಿಲ್ಲ. ಬಳ್ಳಾರಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಒಂದು. ಮೈಸೂರಿನಲ್ಲಿ 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು.

ಅದೇ ಹೊತ್ತಿಗೆ, 1877ರ ಜನವರಿ 1ರಂದು, ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ದರ್ಬಾರು ನಡೆಸಿದ. ದಕ್ಷಿಣಕ್ಕೆ ಬಂದ ರಿಚರ್ಡ್ ಟೆಂಪಲ್ ಬರಗಾಲದ ಕಾಮಗಾರಿಯ ಕೂಲಿಯನ್ನು ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಒಂದು ಆಣೆಗೆ ಇಳಿಸಿದ. ಒಂದು ಪೌಂಡು ಅಂದರೆ ಅರ್ಧ ಕಿಲೋಗೂ ಕಡಿಮೆ. ಇಷ್ಟರಲ್ಲಿ ದುಡಿಯುವ ಮನುಷ್ಯ ಬದುಕಲಾರ ಎಂದು ಮದ್ರಾಸಿನ ನೈರ್ಮಲ್ಯಾಧಿಕಾರಿ ಕಾರ್ನಿಶ್ ವಾದಿಸಿದ. ಇತ್ತ ಜನ ಸಾಯುತ್ತಿದ್ದಾಗಲೂ ದೇಶದ ಧಾನ್ಯ ಹಡಗು ಹತ್ತುತ್ತಲೇ ಇತ್ತು.

ಮಳೆ ಯಾಕೆ ತಪ್ಪಿತು? 1875ರಲ್ಲಿ ಶುರುವಾದ ಭಾರತದ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಬ್ಲಾನ್‌ಫರ್ಡ್ ಈ ಪ್ರಶ್ನೆಯ ಬೆನ್ನು ಹತ್ತಿದ. 1904ರಲ್ಲಿ ಆ ಹುದ್ದೆಗೆ ಬಂದ ಗಿಲ್ಬರ್ಟ್ ವಾಕರ್, ಶಾಂತಸಾಗರ ಮತ್ತು ಹಿಂದೂ ಮಹಾಸಾಗರದ ಮೇಲಿನ ಗಾಳಿಯ ಒತ್ತಡ ತಕ್ಕಡಿಯಂತೆ ತೂಗುವುದನ್ನು ಗುರುತಿಸಿದ. ಅದನ್ನು ಎಲ್ ನಿನೊ ಜೊತೆ ಜೋಡಿಸಿದ್ದು 1969ರಲ್ಲಿ ಬ್ಯರ್ಕ್ನೆಸ್. 1877ರದ್ದು ಅತ್ಯಂತ ಬಲವಾದ ಎಲ್ ನಿನೊಗಳಲ್ಲಿ ಒಂದು. ಆಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈ ಆಕ್ಸೈಡ್ ಸುಮಾರು 290 ಭಾಗ ಮಾತ್ರ. ಆದ್ದರಿಂದ ಧಾತು ಬರವನ್ನು ಹೊಗೆಯ ತಲೆಗೆ ಕಟ್ಟಲಾಗದು. ಮಳೆ ತಪ್ಪಿಸಿದ್ದು ಕಡಲು. ಜನ ಅಷ್ಟೊಂದು ಸತ್ತದ್ದರಲ್ಲಿ ಆಳುವವರ ಪಾಲು ದೊಡ್ಡದು.

ಇಂದು ಆ 290 ಎಂಬುದು 420 ದಾಟಿದೆ. ಕಲ್ಲಿದ್ದಲ ಹೊಗೆಯಿಂದ ಭೂಮಿ ಬಿಸಿಯಾಗುವ ಲೆಕ್ಕವನ್ನು ಸ್ವೀಡನ್ನಿನ ಅರೇನಿಯಸ್ 1896ರಲ್ಲೇ ಹಾಕಿದ್ದ. 2011-20ರ ದಶಕದಲ್ಲಿ ಭೂಮಿ ಸುಮಾರು 1.1 ಡಿಗ್ರಿ ಹೆಚ್ಚು ಬಿಸಿಯಾಗಿತ್ತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಸುರಿದರೆ ಜಡಿದು ಸುರಿಯುವುದು ಅದಕ್ಕೇ.

ಆದರೂ ಒಂದು ನಿರ್ದಿಷ್ಟ ಮಳೆಯನ್ನು ಹೊಗೆಗೆ ಜೋಡಿಸುವುದು ಹೇಗೆ? ಚೌಕಾಬಾರ ಆಡಲು ನಾವು ಹುಣಸೆ ಬೀಜದ ಒಂದು ಮಗ್ಗುಲನ್ನು ತೇಯ್ದು ಬಿಳಿ ಮಾಡುತ್ತೇವಲ್ಲ... ತೇಯುವುದು ಹೆಚ್ಚುಕಡಿಮೆಯಾದರೆ ಬೀಜ ಒಂದೇ ಮಗ್ಗುಲಿಗೆ ಬೀಳತೊಡಗುತ್ತದೆ. ಬಿದ್ದ ಒಂದು ಗರ ನೋಡಿ ಏನೂ ಹೇಳಲಾಗದು, ನೂರು ಸಲ ಹಾಕಿದರೆ ಗುಟ್ಟು ಬಯಲು. ವಿಜ್ಞಾನಿಗಳು ಮಾಡುವುದೂ ಇದನ್ನೇ. ಹೊಗೆಯಿಲ್ಲದ ಭೂಮಿ, ಹೊಗೆ ತುಂಬಿದ ಭೂಮಿ ಎರಡನ್ನೂ ಕಂಪ್ಯೂಟರಿನಲ್ಲಿ ಸಾವಿರಾರು ಸಲ ಆಡಿಸಿ ಎಣಿಸುತ್ತಾರೆ. 2003ರ ಯುರೋಪಿನ ಬಿಸಿಗಾಳಿಯ ಬಗ್ಗೆ 2004ರಲ್ಲಿ ಬಂದ ಅಧ್ಯಯನ ಇದಕ್ಕೆ ನಾಂದಿ.

ನಮ್ಮ ಸುತ್ತಲಿನ ಲೆಕ್ಕ ನೋಡಿ. 2022ರ ಮಾರ್ಚ್-ಏಪ್ರಿಲ್‌ನಲ್ಲಿ ಭಾರತ, ಪಾಕಿಸ್ತಾನಗಳನ್ನು ಸುಟ್ಟ ಬಿಸಿಲಿನ ಸಾಧ್ಯತೆ ಸುಮಾರು 30 ಪಟ್ಟು ಹೆಚ್ಚಿತ್ತು. 2024ರ ಜುಲೈ 30ರಂದು ವಯನಾಡಿನ ಗುಡ್ಡ ಕುಸಿಯಿತಲ್ಲ, ಆ ಮಳೆ ಸುಮಾರು ಶೇಕಡ 10 ಹೆಚ್ಚು ಜೋರಾಗಿತ್ತು. ಆದರೆ 2015ರ ಚೆನ್ನೈ ಪ್ರವಾಹದ ಮಳೆಯಲ್ಲಿ ಹೊಗೆಯ ಗುರುತು ಸಿಗಲಿಲ್ಲ. ಹಾಗೆಂದು ಅದೇ ವಿಜ್ಞಾನಿಗಳು ಬಿಚ್ಚುಮನಸ್ಸಿನಿಂದ ಬರೆದರು. ಆದ್ದರಿಂದ 2021ರ ನವೆಂಬರಿನಲ್ಲಿ ಚಿತ್ರಾವತಿ ಉಕ್ಕಿ, ಸಿಕ್ಕಿಬಿದ್ದವರನ್ನು ಹೆಲಿಕಾಪ್ಟರಿನಲ್ಲಿ ಎತ್ತಬೇಕಾದಾಗಲೂ ಲೆಕ್ಕವಿಲ್ಲದೆ ತೀರ್ಪು ಕೊಡುವುದು ತರವಲ್ಲ. ಬರದ ಲೆಕ್ಕವಂತೂ ಇನ್ನೂ ಕಷ್ಟ, ಅದರಲ್ಲಿ ಎಲ್ ನಿನೊ, ಬಿಸಿಲು, ಅಂತರ್ಜಲ ಎಲ್ಲ ಹೆಣೆದುಕೊಂಡಿರುತ್ತವೆ.

ಈ ಕೂದಲು ಸೀಳುವ ಲೆಕ್ಕ ಯಾಕೆ ಬೇಕು ಅನ್ನಿಸಬಹುದು. ಹೊಣೆ ಗೊತ್ತಾದರೆ ಸಾಲ ಯಾರದೆಂದು ಗೊತ್ತಾಗುತ್ತದೆ. ಇಂಥ ನಷ್ಟಕ್ಕೆ ಒಂದು ನಿಧಿ ಬೇಕೆಂದು 2022ರಲ್ಲಿ ಈಜಿಪ್ಟಿನ ಸಮ್ಮೇಳನದಲ್ಲಿ ಜಗತ್ತು ಒಪ್ಪಿತು. ಹೆಚ್ಚು ಹೊಗೆ ಬಿಟ್ಟವರು ರೊಳ್ಳದ ಕಡಲೆಕಾಯಿ ಬೆಳೆಗಾರರಲ್ಲ. ಆದರೆ ಎಲ್ಲವನ್ನೂ ಹೊಗೆಯ ಮೇಲೆ ಹಾಕಿದರೆ ಹೂಳೆತ್ತದ ಕೆರೆ, ಮುಚ್ಚಿಹೋದ ಕಾಲುವೆ, ತಡವಾಗುವ ಪರಿಹಾರ ಇವಕ್ಕೆ ಹೊಣೆಯಾದವರು ನುಣುಚಿಕೊಳ್ಳುತ್ತಾರೆ. ಧಾತು ಬರದಲ್ಲಿ ಮಳೆರಾಯನ ಹೆಸರು ಹೇಳಿ ನುಣುಚಿಕೊಂಡವರಿದ್ದರು. ಇನ್ನು ಮುಂದೆ ಮಕ್ಕಳ ಉತ್ತರಪತ್ರಿಕೆಗೆ ಅಂಕ ಕೊಡುವ ಮುನ್ನ ನಾವು "ಎಷ್ಟು ಪಾಲು? ಯಾರ ಪಾಲು?" ಎಂದು ಕೇಳಬೇಕು.