ಕಾಲುವೆ ನೋಡಲು ಹೊರಟಿದ್ದ ರಾಣಿ

1623ರ ಡಿಸೆಂಬರ್ ತಿಂಗಳಲ್ಲಿ ರೋಮ್ ನಗರದ ಶ್ರೀಮಂತ ಮನೆತನದವನೊಬ್ಬ ಮಂಗಳೂರಿನಲ್ಲಿ ದೋಣಿ ಹತ್ತಿ ಉಳ್ಳಾಲ ನೋಡಲು ಹೋದ. ಅವನಿಗೆ ಅಲ್ಲಿ ವ್ಯಾಪಾರವಿರಲಿಲ್ಲ, ರಾಯಭಾರದ ಕೆಲಸವಿರಲಿಲ್ಲ. ಊರು ನೋಡಬೇಕು, ಸಾಧ್ಯವಾದರೆ ಅಲ್ಲಿನ ರಾಣಿಯನ್ನೂ ನೋಡಬೇಕು, ಅಷ್ಟೆ. ರಜೆ ಬಂತೆಂದರೆ ನಾವು ಬುತ್ತಿ ಕಟ್ಟಿಕೊಂಡು ಹೊರಡುತ್ತೇವಲ್ಲ, ಹಾಗೆ.

ಅವನ ಹೆಸರು ಪಿಯೆತ್ರೊ ದೆಲ್ಲ ವಾಲ್ಲೆ. 1614ರಲ್ಲಿ ವೆನಿಸ್‌ನಿಂದ ಹೊರಟವನು ತುರ್ಕಿ, ಈಜಿಪ್ಟ್, ಪರ್ಷಿಯಾ ಎಲ್ಲ ಸುತ್ತಿ ಗುಜರಾತಿನ ಸೂರತ್ತಿಗೆ ಬಂದು, ಗೋವೆಯ ಮೇಲೆ ಕನ್ನಡ ನಾಡಿಗೆ ಇಳಿದಿದ್ದ. ದಾರಿಯಲ್ಲಿ ಬಾಗ್ದಾದಿನಲ್ಲಿ ಮಾನಿ ಎಂಬ ಕ್ರೈಸ್ತ ಹುಡುಗಿಯನ್ನು ಪ್ರೀತಿಸಿ ಮದುವೆಯಾದ. 1621ರ ಕೊನೆಯಲ್ಲಿ ಆಕೆ ಪರ್ಷಿಯಾದಲ್ಲಿ ತೀರಿಕೊಂಡಳು. ಪರದೇಶದ ಮಣ್ಣಿನಲ್ಲಿ ಬಿಟ್ಟು ಬರಲು ಮನಸ್ಸಾಗದೆ ದೇಹಕ್ಕೆ ಔಷಧಿ ಲೇಪಿಸಿ, ಪೆಟ್ಟಿಗೆಯಲ್ಲಿಟ್ಟು, ಸಾಮಾನುಗಳ ಜೊತೆ ಭಾರತಕ್ಕೂ ತಂದಿದ್ದ. ಕಂಡದ್ದನ್ನೆಲ್ಲ ನೇಪಲ್ಸಿನಲ್ಲಿದ್ದ ವೈದ್ಯಮಿತ್ರನಿಗೆ ಕಾಗದ ಬರೆಯುತ್ತಿದ್ದ. ಆ ಕಾಗದಗಳ ಇಂಗ್ಲಿಷ್ ಅನುವಾದ ಇಲ್ಲದಿದ್ದರೆ ನನ್ನಂಥ ಹಳ್ಳಿಯ ಉಪಾಧ್ಯಾಯಿನಿಗೆ ಅವನ ಸುದ್ದಿಯೇ ತಿಳಿಯುತ್ತಿರಲಿಲ್ಲ.

ಮಂಗಳೂರಿನ ಬಳಿ ಎರಡು ನದಿಗಳು ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಉತ್ತರದಿಂದ ಬರುವುದು ಗುರುಪುರ ಹೊಳೆ, ಅದನ್ನೇ ಫಲ್ಗುಣಿ ಎನ್ನುವುದೂ ಉಂಟು. ಇನ್ನೊಂದು ನೇತ್ರಾವತಿ. ಅದರ ದಕ್ಷಿಣ ದಡದಲ್ಲಿ ಉಳ್ಳಾಲ. ರೈಲು, ರಸ್ತೆಯ ಸೇತುವೆಗಳು ಬರುವ ಮುಂಚೆ ಅಲ್ಲಿಗೆ ಹೋಗಲು ದೋಣಿಯೇ ದಾರಿ. ಈಗ ಬಸ್ಸಿನಲ್ಲಿ ಕುಳಿತರೆ ನೇತ್ರಾವತಿ ಕಣ್ಣು ಮಿಟುಕಿಸುವುದರೊಳಗೆ ದಾಟಿಹೋಗುತ್ತದೆ. ಆದ್ದರಿಂದ ಮಾಸ್ತಿಯಿಂದ ಹೋದ ನಾವು ಐದಾರು ಮಂದಿ ಉಪಾಧ್ಯಾಯಿನಿಯರು ಮೊದಲು ಹಳೆಯ ಬಂದರಿನ ಧಕ್ಕೆಯಿಂದ ಬೆಂಗ್ರೆಗೆ ಹೋಗುವ ದೋಣಿ ಹತ್ತಿದೆವು. ಬೆಂಗ್ರೆ ಎಂದರೆ ಹೊಳೆಗೂ ಕಡಲಿಗೂ ನಡುವಿನ ಮರಳ ಪಟ್ಟಿ. ಕೆಲವೇ ನಿಮಿಷದ ಪ್ರಯಾಣ. ಬಯಲುಸೀಮೆಯ ನಾವು ಒಬ್ಬರ ಕೈ ಒಬ್ಬರು ಬಿಗಿಯಾಗಿ ಹಿಡಿದು ಕುಳಿತಿದ್ದರೆ, ಪಕ್ಕದ ಹೆಂಗಸರು ಮೀನಿನ ಬುಟ್ಟಿ ಕಾಲ ಬಳಿ ಇಟ್ಟುಕೊಂಡು ಮಾತಾಡುತ್ತ ನಿಂತೇ ಇದ್ದರು. ಬೆಂಗ್ರೆಯ ತುದಿಯಿಂದ ಅಳಿವೆ ಬಾಗಿಲಿನ ಆಚೆ ಉಳ್ಳಾಲದ ತೆಂಗಿನ ತೋಪು ಕಾಣುತ್ತದೆ.

ದೆಲ್ಲ ವಾಲ್ಲೆ ಉಳ್ಳಾಲ ಮುಟ್ಟಿದಾಗ ರಾಣಿ ಊರಿನಲ್ಲಿರಲಿಲ್ಲ, ಮಣೇಲಿನಲ್ಲಿದ್ದಳು. ಬಿಡದೆ ಅಲ್ಲಿಗೂ ಹೋದ. ಆಕೆ ಅರಮನೆಯಲ್ಲಲ್ಲ, ಬೀದಿಯಲ್ಲಿ ಎದುರಾದಳು. ಗದ್ದೆಗೆ ನೀರುಣಿಸಲು ತೋಡಿಸುತ್ತಿದ್ದ ಕಾಲುವೆ ನೋಡಲು ನಡೆದೇ ಹೊರಟಿದ್ದಳು. ಬರಿಗಾಲು. ಸೊಂಟಕ್ಕೆ ಒರಟಾದ ಹತ್ತಿಯ ಬಟ್ಟೆ, ತಲೆಗೆ ಸುತ್ತಿ ಹೆಗಲ ಮೇಲೆ ಇಳಿಬಿಟ್ಟ ಇನ್ನೊಂದು ವಸ್ತ್ರ, ನೆರಳಿಗೆ ತಾಳೆಗರಿಯ ಕೊಡೆ. ಕಪ್ಪು ಬಣ್ಣ, ತುಂಬಿದ ಮೈ, ನಲವತ್ತರ ಆಸುಪಾಸಿನ ವಯಸ್ಸು. ನೋಡಿದರೆ ಅಡುಗೆಮನೆಯ ಆಳಿನ ಹಾಗಿದ್ದಾಳೆ, ಬಾಯಿ ತೆರೆದರೆ ಮಾತ್ರ ರಾಣಿ ಎಂಬುದು ತಿಳಿಯುತ್ತದೆ ಎಂಬರ್ಥದಲ್ಲಿ ಬರೆದಿದ್ದಾನೆ. ಮೊದಲ ಅರ್ಧ ಓದಿದಾಗ ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ನಮ್ಮ ಕೋಲಾರ ಸೀಮೆ ಕೆರೆಗಳ ನಾಡು. ಇಲ್ಲಿ ತೂಬು ಎತ್ತಿ, ಗದ್ದೆಗದ್ದೆಗೂ ನೀರು ಹಾಯಿಸುವ ನೀರುಗಂಟಿ ರೇಷ್ಮೆ ಉಟ್ಟು ಬರುವುದಿಲ್ಲ. ಕಾಲುವೆಯ ಕೆಲಸ ನೋಡಲು ಹೊರಟವಳು ಕೆಸರಿಗೆ ತಕ್ಕ ಹಾಗೆ ಹೊರಟಿದ್ದಾಳೆ.

ಈಕೆ ಚೌಟ ಮನೆತನದ ಅಬ್ಬಕ್ಕ ದೇವಿ. ಶಾಲೆಯಲ್ಲಿ ನಾವು ಹೇಳಿಕೊಡುವ ಅಬ್ಬಕ್ಕ ಪೋರ್ಚುಗೀಸರನ್ನು ಎದುರಿಸಿದ್ದು 1550 ಮತ್ತು 1560ರ ದಶಕಗಳಲ್ಲಿ. 1623ರಲ್ಲಿ ನಲವತ್ತರವಳಾಗಿದ್ದ ಹೆಂಗಸು ಆಗ ಹುಟ್ಟಿಯೇ ಇರಲಿಲ್ಲ. ಹೀಗಾಗಿ ಒಂದಕ್ಕಿಂತ ಹೆಚ್ಚು ಮಂದಿ ಅಬ್ಬಕ್ಕರಿದ್ದರು, ಜನರ ನೆನಪು ಅವರನ್ನು ಒಬ್ಬಳನ್ನಾಗಿ ಮಾಡಿದೆ ಎನ್ನುವ ಇತಿಹಾಸಕಾರರಿದ್ದಾರೆ. ನನಗೂ ಅದೇ ಸರಿ ಎನಿಸುತ್ತದೆ. 2012ರಲ್ಲಿ ಕರಾವಳಿ ಕಾವಲು ಪಡೆಯ ಹಡಗಿಗೆ ರಾಣಿ ಅಬ್ಬಕ್ಕ ಎಂದು ಹೆಸರಿಟ್ಟಾಗ ನಾನೂ ಸಂತೋಷಪಟ್ಟೆ. ಆದರೆ ಕತ್ತಿ ಹಿಡಿದವಳ ನೆರಳಿನಲ್ಲಿ ಈ ಕಾಲುವೆಯವಳು ಮರೆಯಾಗಿಬಿಟ್ಟಳಲ್ಲ!

ಇವಳ ಕಥೆಯೂ ಸಾಮಾನ್ಯದ್ದಲ್ಲ. ಗಂಡ ಪಕ್ಕದ ಬಂಗ ಅರಸ. ತುಳುನಾಡಿನ ಅಳಿಯಸಂತಾನದ ಕಟ್ಟಿನಲ್ಲಿ ಆಸ್ತಿಯೂ ವಂಶವೂ ಹೆಣ್ಣಿನ ಕಡೆಯಿಂದ ನಡೆಯುವುದರಿಂದ ಮದುವೆಯಾದ ಮೇಲೂ ಆಕೆಯ ರಾಜ್ಯ ಆಕೆಯದೇ. ದೆಲ್ಲ ವಾಲ್ಲೆ ಕೇಳಿ ಬರೆದ ಪ್ರಕಾರ, ಇಬ್ಬರಿಗೂ ಹೊಂದಾಣಿಕೆಯಾಗಲಿಲ್ಲ, ಆಕೆ ಗಂಡ ಕೊಟ್ಟ ಒಡವೆಗಳನ್ನು ಹಿಂದಕ್ಕೆ ಕಳಿಸಿ ಸಂಬಂಧ ಕಡಿದುಕೊಂಡಳು. ಅವನು ಸಿಟ್ಟಾದ. ಒಂದು ದಿನ ಆಕೆ ಹೊಳೆಯಲ್ಲಿ ದೋಣಿಯ ಮೇಲೆ ಹೋಗುತ್ತಿದ್ದಾಗ ಅವನ ಕಡೆಯವರು ಇನ್ನೊಂದು ದೋಣಿಯಲ್ಲಿ ಬಂದು ಹಿಡಿದರು. ಆಕೆ ಒಳ್ಳೆಯ ಮಾತಾಡಿ ಅವನನ್ನು ಒಲಿಸಿ ಬಿಡಿಸಿಕೊಂಡು ಬಂದಳು. ಬಂದವಳೇ ಇಕ್ಕೇರಿಯ ವೆಂಕಟಪ್ಪ ನಾಯಕನಿಗೆ ಹೇಳಿ ಕಳಿಸಿದಳು! ಬಂಗನ ಬೆನ್ನಿಗೆ ಪೋರ್ಚುಗೀಸರು ನಿಂತರೂ ಗೆದ್ದದ್ದು ಇಕ್ಕೇರಿಯ ಸೈನ್ಯವೇ. ಬೆಂಗ್ರೆಯ ದೋಣಿಯಲ್ಲಿ ಈ ಕಥೆ ಹೇಳಿದಾಗ ನಮ್ಮ ಗುಂಪಿನ ಹಿರಿಯರೊಬ್ಬರು, "ಒಡವೆ ವಾಪಸು ಕೊಟ್ಟಳಾ? ಹಾಗಾದರೆ ಮತ್ತೆ ಹೋಗುವವಳಲ್ಲ ಬಿಡಮ್ಮ" ಎಂದರು.

ಅದೇ ಪುಸ್ತಕದಲ್ಲಿ ಒಂದು ತಿಂಗಳಷ್ಟು ಹಿಂದೆ ಹೋದರೆ ಇನ್ನೊಬ್ಬಳು ಸಿಗುತ್ತಾಳೆ. 1623ರ ನವೆಂಬರಿನಲ್ಲಿ ಇಕ್ಕೇರಿಯಲ್ಲಿ ಅವನು ಜಕ್ಕಮ್ಮ ಎಂಬ ತೆಲುಗು ಹೆಂಗಸನ್ನು ಕಂಡ. ಗಂಡ ನಗಾರಿ ಬಾರಿಸುವವನು, ಸತ್ತಿದ್ದ. ಆಕೆ ಸಹಗಮನಕ್ಕೆ ನಿಶ್ಚಯಿಸಿದ್ದಳು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದವು. ದೆಲ್ಲ ವಾಲ್ಲೆ ಅವಳ ಮನೆಗೇ ಹೋಗಿ ಬೇಡವೆಂದು ಹೇಳಿ ನೋಡಿದ. ತನ್ನ ಇಷ್ಟದಿಂದಲೇ ಹೋಗುತ್ತಿದ್ದೇನೆ ಎಂದಳಂತೆ. ಮಹಾಸತಿ ಎಂಬ ಮಾತು ಜನರ ಬಾಯಲ್ಲಿ ಮಾಸ್ತಿಯಾಯಿತು, ನಾಡಿನ ಉದ್ದಕ್ಕೂ ಮಾಸ್ತಿಕಲ್ಲುಗಳಿವೆ. ಆ ಮಾತೇ ಹೆಸರಾಗಿರುವ ಊರಿನಲ್ಲಿ ಬಾಳುವವಳು ನಾನು. ಮಾಸ್ತಿಕಲ್ಲಿನ ಮೇಲೆ ಬಳೆ ತೊಟ್ಟು ಎತ್ತಿದ ಕೈ ಕಾಣುತ್ತದೆ, ಎಷ್ಟೋ ಕಡೆ ಹೆಸರು ಕಾಣುವುದಿಲ್ಲ. ಜಕ್ಕಮ್ಮನ ಹೆಸರು ಉಳಿದದ್ದು ಒಬ್ಬ ಪರದೇಶಿ ಕೇಳಿ ಬರೆದುಕೊಂಡದ್ದರಿಂದ. ಗಂಡನನ್ನು ಬಿಟ್ಟು ರಾಜ್ಯವಾಳಿದವಳು, ಗಂಡನ ಹಿಂದೆ ಬೆಂಕಿಗೆ ಹೊರಟವಳು, ಇಬ್ಬರೂ ಒಂದೇ ಕಾಲದವರು. ಘಟ್ಟದ ಮೇಲೆ ಒಬ್ಬಳು, ಕೆಳಗೆ ಒಬ್ಬಳು. ರಾಣಿಗೆ ಆಸರೆಯಾಗಿ ಆಸ್ತಿಯಿತ್ತು, ಕಟ್ಟಳೆಯಿತ್ತು. ನಗಾರಿಯವನ ಹೆಂಡತಿಗೆ ಏನಿತ್ತು?

ಬೀದಿಯಲ್ಲಿ ನಿಂತೇ ರಾಣಿ ಅವನನ್ನು ಬಹಳ ವಿಚಾರಿಸಿದಳು. ಯಾವ ಯಾವ ದೇಶ ನೋಡಿದೆ, ಹೀಗೇಕೆ ಲೋಕ ಸುತ್ತುತ್ತೀಯೆ, ಪ್ರೀತಿಯವರು ಯಾರಾದರೂ ತೀರಿಕೊಂಡ ದುಃಖವೇ ಎಂದು ಕೇಳಿದಳು. ಎಷ್ಟು ಬೇಗ ಗುರುತಿಸಿದಳು ನೋಡಿ! ಅವನು ನಿಜ ಹೇಳಲಿಲ್ಲ. ದೇಶ ನೋಡುವ, ತಿಳಿಯುವ ಆಸೆ, ಬೇರೇನಿಲ್ಲ ಎಂದುಬಿಟ್ಟ. ಆಕೆ ಕಾಲುವೆಯ ಕಡೆ ನಡೆದಳು. ಅವನು 1626ರಲ್ಲಿ ರೋಮ್ ಸೇರಿ, ಮರುವರ್ಷ ಮಾನಿಯ ಪೆಟ್ಟಿಗೆಯನ್ನು ತನ್ನ ಮನೆತನದವರ ಸಮಾಧಿಯಲ್ಲಿ ಇರಿಸಿದ.